ಹೊಳೆ ಕುಡಿದ ಗೇರ್‌ಬಾಕ್ಸ್

ಅಪ್ಪನ ಕಾರಿನ ಗೇರ್‌ಬಾಕ್ಸ್ ಒಡೆದದ್ದು ಬಸುರಿ ಅಕ್ಕನ ಕುಬಸದ ಶಾಸ್ತ್ರಕ್ಕೆ ಸೀರೆ ತಂದ ದಿನ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಮುಂದೆ ಶೇಂಗಾ ಚೀಲ ಹೇರಿದ ಲಾರಿಗೆ ದಾರಿ ಬಿಟ್ಟು ಅಪ್ಪ ಮೂರನೇ ಗೇರಿಗೆ ಹಾಕಿದ. ಒಳಗಿನಿಂದ ಒರಳಲ್ಲಿ ಕಲ್ಲು ಸಿಕ್ಕಂಥ ಸದ್ದು ಬಂತು. ಅಲ್ಲಿಂದಾಚೆಗೆ ಎಂಜಿನ್ ಎಷ್ಟು ಕೂಗಿದರೂ ಚಕ್ರಗಳಿಗೆ ಕೇಳಿಸಲಿಲ್ಲ. ಮನೆಯವರೆಗೆ ಕಾರನ್ನು ನೂಕಿದವನು ನಾನು. ನೂಕಿದ್ದು ತಪ್ಪಲ್ಲ. ನೂಕುತ್ತಾ ಏದುಸಿರು ಬಿಡುತ್ತಾ, "ಇದನ್ನ ನಾನ ರಿಪೇರಿ ಮಾಡ್ತೀನಿ ಬಿಡಪ್ಪಾ" ಅಂದೆನಲ್ಲ, ಅದು ತಪ್ಪು.

ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ. ಪಿಯುಸಿಯಲ್ಲಿ ಫೇಲಾಗಿ ಉಸ್ತಾದನ ಗ್ಯಾರೇಜು ಸೇರಿದವನು ನಾನು. ಅಲ್ಲಿಯವರೆಗಿನ ನನ್ನ ಸಾಧನೆಯೆಂದರೆ, ಒಬ್ಬರ ಜೀಪಿನ ರೇಡಿಯೇಟರಿಗೆ ಎಣ್ಣೆ ಸುರಿದದ್ದು ಮತ್ತು ಅದನ್ನು ತೊಳೆಯಲು ಹೋಗಿ ಉಸ್ತಾದನ ಊಟದ ಡಬ್ಬಿಗೆ ಸೀಮೆಎಣ್ಣೆ ತುಂಬಿಸಿದ್ದು. ಅಪ್ಪ ಏನೂ ಅನ್ನಲಿಲ್ಲ. ಅನ್ನದೆ ಇರುವುದೇ ಅವನ ಬೈಗುಳ.

ಆ ಕಾರು ನಮ್ಮ ಮನೆಯ ಅನ್ನ. ಗುಂಡು ಬೆನ್ನಿನ, ಕರಿ ಬಣ್ಣದ, ಐವತ್ತರ ದಶಕದ ವಿಲಾಯತಿ ಗಾಡಿ. ಹತ್ತಿ ಮಿಲ್ಲಿನ ಸಾಹುಕಾರರೊಬ್ಬರು ಸಾಕಾಗಿ ಬಿಟ್ಟದ್ದನ್ನು ಅಪ್ಪ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಆದರೆ ಆ ಶ್ರಾವಣದಲ್ಲಿ ಪ್ರಶ್ನೆ ಬಾಡಿಗೆಯದಾಗಿರಲಿಲ್ಲ. ಅಕ್ಕನನ್ನು ಕೊಟ್ಟದ್ದು ಹಡಗಲಿಯ ಆಚೆ, ಹೊಳೆದಂಡೆಯ ಮಾಗಳಕ್ಕೆ. ಹಿಂದಿನ ವರ್ಷ ಐದು ತಿಂಗಳ ಬಸುರಿ ಬಸ್ಸು ಹತ್ತಿ ತವರಿಗೆ ಬಂದಳು. ಬಂದ ಮೂರನೇ ದಿನ ಬಸಿರು ಇಳಿದುಹೋಯಿತು. ಅದಕ್ಕೂ ಬಸ್ಸಿಗೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದರು. ಅಜ್ಜಿ ಒಪ್ಪಲಿಲ್ಲ.

"ಈ ಸಲ ಆಕಿ ಬಸ್ಸಿನ ಮೆಟ್ಲ ಹತ್ತಬೇಕಂದ್ರ ನನ್ನ ಹೆಣ ದಾಟಿ ಹತ್ಲಿ. ನಮ್ಮ ಗಾಡ್ಯಾಗ ಬರಬೇಕು. ಶ್ರಾವಣ ಮುಗಿಯೋ ಬೆನಕನ ಅಮಾಸಿ ಒಳಗ ಈ ಹೊಸ್ತಲ ತುಳೀಬೇಕು. ಆಮ್ಯಾಲೆ ಬರೋದು ಹಿರೇರ ಪಕ್ಷದ ತಿಂಗಳು, ಬಸುರಿ ಹೆಜ್ಜಿ ಇಡಂಗಿಲ್ಲ" ಅಂದಳು.

ಏಳು ತಿಂಗಳ ಬಸುರಿ ಅಕ್ಕ ಆ ಕಡೆ. ಗೇರಿಲ್ಲದ ಕಾರು ಈ ಕಡೆ. ನಡುವೆ ನಾನು.

ಅಂಥ ಹಳೆಯ ಕಾರಿನ ಹೊಸ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಕೊಟ್ಟೂರಿನ ಗುಜರಿಯಲ್ಲಿ ಹಳೇ ಗೇರಿನ ಡಬ್ಬಿಗಳು ಬಿದ್ದಿವೆ ಅಂತ ಉಸ್ತಾದನೇ ಹೇಳಿದ. ಉಸ್ತಾದ ಅಂದರೆ ನಮ್ಮ ಗ್ಯಾರೇಜಿನ ಯಜಮಾನ. ತೆಳ್ಳನೆ ಗಡ್ಡ, ದಪ್ಪನೆ ದನಿ. ಎಲ್ಲ ಗಾಡಿಯೂ ನಾಳೆಯೇ ಸಾಯುತ್ತದೆ ಎಂಬ ನಂಬಿಕೆಯ ಮೇಲೆ ಬದುಕಿದ್ದ ಮನುಷ್ಯ.

"ನಿಮ್ಮ ಗಾಡಿ ಕ್ಲಚ್ ಪ್ಲೇಟ್ ಬಿಚ್ಚಿ ಜೋಡಿ ಒಯ್ಯಿ" ಅಂದ. "ಯಾವ ಡಬ್ಬಿ ಶಾಫ್ಟಿಗೆ ಅದು ಸಲೀಸಾಗಿ ಕೂಡ್ತೈತೋ ಅದ ನಿನ್ನ ಡಬ್ಬಿ. ಆಮ್ಯಾಲೆ ಸೀಮೆಸುಣ್ಣದಾಗ ಗುರ್ತು ಹಾಕಿ, ಒಂದೊಂದ ಗೇರಿಗೂ ಮುಂದಿನ ಶಾಫ್ಟ್ ತಿರುವು. ಹಿಂದಿಂದು ಎಷ್ಟ್ ಸುತ್ತತೈತಿ ನೋಡು. ನಿಮ್ಮ ಹಳೇದಕ್ಕ ತಾಳೆ ಆಗ್ಬೇಕು. ಮ್ಯಾಗಿನ ಬಣ್ಣ ನೋಡಿ ತಂದಿ ಅಂದ್ರ, ಬೇಟಾ, ನಿನಗ ಹೆಣ್ಣೂ ಹಂಗ ನೋಡಿ ತರ್ತೀನಿ."

ಕ್ಲಚ್ ಪ್ಲೇಟಿನ ನಡುವಿನ ತೂತಿಗೆ ಹುರಿ ಪೋಣಿಸಿ ಕೊರಳಿಗೆ ನೇತುಹಾಕಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಎರಡೂ ಕೈ ಖಾಲಿ ಇರಲಿ ಅಂತ. ಕಂಡಕ್ಟರ್ ನನ್ನ ಎದೆ ನೋಡಿ, "ಯಾವ ಕುಸ್ತಿ ಗೆದ್ದಿ ತಮ್ಮಾ?" ಅಂದ.

"ಇನ್ನೂ ಗೆದ್ದಿಲ್ರಿ, ಈಗ ಹೊಂಟೀನಿ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಆ ಪ್ರಯಾಣದಲ್ಲಿ ನಾನು ನಗಿಸಿದ್ದು ಅದೇ ಕೊನೆ.

ಗುಜರಿಯವನು ಎಲೆ ಅಡಿಕೆ ಜಗಿಯುತ್ತಾ ತಗಡಿನ ನೆರಳಲ್ಲಿ ಕೂತಿದ್ದ. ಮೂರು ಡಬ್ಬಿ ತೋರಿಸಿದ. ಮೊದಲನೆಯದರ ಶಾಫ್ಟು ನನ್ನ ಪ್ಲೇಟಿಗಿಂತ ದಪ್ಪ. ಎರಡನೆಯದು ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ಅದನ್ನು ಎಳೆದು ತೆಗೆಯುವ ರಭಸಕ್ಕೆ ನಾನೇ ಹಿಂದಕ್ಕೆ ಬಿದ್ದು ಹಳೇ ಬಕೆಟ್ಟುಗಳ ರಾಶಿಯನ್ನು ಕೆಡವಿದೆ. ಮೂರನೆಯದು ಮೂಲೆಯಲ್ಲಿ, ಗೋಣಿಯಡಿ, ಉಳಿದವುಗಳಿಂದ ದೂರ ಕೂತಿತ್ತು. ಪ್ಲೇಟು ಅದರ ಶಾಫ್ಟಿಗೆ ಬೆರಳಿಗೆ ಉಂಗುರದಂತೆ ಹೋಯಿತು. ಸುಣ್ಣದ ಗುರುತು ಹಾಕಿ ತಿರುವಿದೆ. ಮುಂದಕ್ಕೆ ಹೋಗುವ ಎಲ್ಲ ಗೇರುಗಳೂ ತಾಳೆಯಾದವು. ರಿವರ್ಸ್ ಮಾತ್ರ ಬೀಳಲೇ ಇಲ್ಲ. ಒಳಗೆ ಏನೋ ಅಡ್ಡ ಕೂತಂತಿತ್ತು.

"ಇದು ಯಾವ ಊರ ಗಾಡೀದ್ರಿ?" ಅಂದೆ.

ಅವನು ಜಗಿಯುವುದನ್ನು ನಿಲ್ಲಿಸಿದ. "ಗುಜರೀಗೆ ಬಂದ ಸಾಮಾನಿಗೆ ಊರು ಕೇಳಬಾರ್ದು ತಮ್ಮಾ. ಸಂತಿಗೆ ಬಂದ ಎತ್ತೇನದು?"

ನಾನು ಕೇಳದೇ ಅವನೇ ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿದ. ಕಟ್ಟಿ, ನೀರಿನ ಕೊಡದ ಹತ್ತಿರ ಹೋಗಿ ಮೊಳಕೈವರೆಗೆ ಕೈ ತೊಳೆದುಕೊಂಡ. ದಿನವಿಡೀ ಜಿಡ್ಡಿನಲ್ಲಿ ಇರುವವನು ಒಂದು ಡಬ್ಬಿ ಮುಟ್ಟಿದ್ದಕ್ಕೆ ಹಾಗೆ ತೊಳೆದುಕೊಂಡದ್ದು ನನಗೆ ಸರಿಕಾಣಲಿಲ್ಲ. ಆದರೆ ಅಮಾವಾಸ್ಯೆ ಹತ್ತಿರವಿತ್ತು.

ನಮ್ಮ ಅಂಗಳದ ಬೇವಿನ ಮರದಡಿ ಮುಚ್ಚಳ ಬಿಚ್ಚಿದಾಗ ಉಸ್ತಾದ ಪಕ್ಕದಲ್ಲೇ ಕೂತಿದ್ದ. ತಳದಲ್ಲಿ ಎಣ್ಣೆ ಇರಬೇಕಾದ ಕಡೆ ಬೂದು ಬಣ್ಣದ ನುಣುಪು ಕೆಸರು. ಉಸ್ತಾದ ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ತಿಕ್ಕಿ, ಮೂಸಿದ. ಕೆಸರಿನೊಳಗಿಂದ ಕಡಲೆಕಾಳಿನಷ್ಟು ದೊಡ್ಡ ಬಿಳಿ ಚಿಪ್ಪೊಂದು ಉರುಳಿ ತಟ್ಟೆಗೆ ಬಿತ್ತು. ಹೊಳೆಯ ಬಸವನಹುಳುವಿನದು.

"ಹೊಳಿ ಮಣ್ಣು" ಅಂದ ಉಸ್ತಾದ. ದಪ್ಪನೆ ದನಿ ಇಳಿದಿತ್ತು. "ಈ ಗಾಡಿ ಹೊಳ್ಯಾಗ ಮಲಗಿತ್ತಲೇ. ಒಂದ ಮಲಗಿತ್ತೋ, ಯಾರನ್ನರ ಜೋಡಿ ಹಾಕ್ಕೊಂಡು ಮಲಗಿತ್ತೋ, ಅಲ್ಲಾಗ ಗೊತ್ತು."

ಆಮೇಲೆ ಗೇರುಗಳ ಹಲ್ಲುಗಳನ್ನು ಓದತೊಡಗಿದ. ಟಾಪ್ ಗೇರು ಹೊಸದರಂತೆ ಮಿನುಗುತ್ತಿತ್ತು. ಎರಡು, ಮೂರು ಚೊಕ್ಕ. ರಿವರ್ಸಿಗೆಂದೇ ಅಡ್ಡ ಬರುವ ಸಣ್ಣ ಚಕ್ರವೊಂದಿರುತ್ತದೆ. ಅದರ ಹಲ್ಲುಗಳು ಮಾತ್ರ ಮುರಿದು, ಚೂರುಗಳು ಅಲ್ಲೇ ಸಿಕ್ಕಿಕೊಂಡಿದ್ದವು. ಮುರಿದ ಜಾಗ ಸವೆದಿರಲಿಲ್ಲ. ಅಂದರೆ ಮುರಿದ ಮೇಲೆ ಆ ಗಾಡಿ ಓಡಿಯೇ ಇಲ್ಲ.

"ನೋಡಿದಿ?" ಅಂದ. "ಕೊನೀಗೆ ಹಿಂದಕ್ಕ ಬರಾಕ ಒದ್ದಾಡೈತಿ. ಡ್ರೈವರ ಹಾಕ್ಯಾನ, ಹಾಕ್ಯಾನ, ಹಲ್ಲು ಹಾರ್ಯಾವ. ನೀರು ಬಂದೈತಿ."

ನನಗೆ ಇಂಥ ಹೊತ್ತಿನಲ್ಲಿ ನಗಿಸುವ ರೋಗ. "ಹಂಗಾರ ಈಜು ಬರತೈತಿ ಇದಕ್ಕ, ಚಲೋ ಆತು" ಅಂದೆ. ಉಸ್ತಾದ ನಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ನಾನು ಚಿಪ್ಪನ್ನು ಕಾಲಡಿ ಮುಚ್ಚಿದೆ. ಅದು ಅಂಗಾಲಿಗೆ ಚುಚ್ಚಿತು, ಹಲ್ಲು ಕಚ್ಚಿ ನಕ್ಕೆ.

ಬೇರೆ ಡಬ್ಬಿ ಹುಡುಕಲು ದಿನವಿರಲಿಲ್ಲ. ನಮ್ಮ ಹಳೆಯ ಡಬ್ಬಿಯಲ್ಲಿ ಮೂರನೇ ಗೇರು ಪುಡಿಯಾಗಿದ್ದರೂ ರಿವರ್ಸಿನ ಚಕ್ರ ಹೊಸದರಂತಿತ್ತು, ಯಾಕೆಂದರೆ ಅಪ್ಪ ಎಲ್ಲಿ ನಿಲ್ಲಿಸಿದರೂ ಮುಂದಕ್ಕೇ ಹೊರಡುವಂತೆ ನಿಲ್ಲಿಸುವವನು. ಅದನ್ನು ತೆಗೆದು ಹೊಳೆಯ ಡಬ್ಬಿಗೆ ಹಾಕುವುದು ಅಂತ ನಿಶ್ಚಯವಾಯಿತು. ಉಸ್ತಾದ ಬಂಧುಗಳ ಮದುವೆಗೆ ಚಿಗಟೇರಿಗೆ ಹೊರಟಿದ್ದ. ಹೊರಡುವ ಮುನ್ನ ಆ ಚಕ್ರವನ್ನು ಬೆಳಕಿಗೆ ಹಿಡಿದು ತೋರಿಸಿದ.

"ಈ ಮಗ್ಗಲು ಹಲ್ಲಿನ ತುದಿ ಸವರ್ಯಾರ, ನೋಡು. ಆ ಮಗ್ಗಲು ಚಪ್ಪಟಿ. ಸವರಿದ ಮಗ್ಗಲು ಎದುರಿನ ಗೇರಿನ ಕಡಿ ಬರ್ಬೇಕು. ಚಪ್ಪಟಿದು ಬಂದ್ರ ಎರಡೂ ಹಣೆಗೆ ಹಣೆ ಬಡ್ಕೊಂತಾವ, ಒಳಗ ಹೋಗಂಗಿಲ್ಲ. ತಿಳೀತಾ?"

"ತಿಳೀತ್ರಿ."

"ನಿನಗ ತಿಳದದ್ದ ನನಗ ಭಯ" ಅಂತ ಹೋದ.

ಮರುದಿನದ ಕೆಲಸವನ್ನು ನೆನೆದರೆ ನನ್ನ ಮೇಲೆ ನನಗೇ ಅಭಿಮಾನ ಉಕ್ಕುತ್ತದೆ. ಅಷ್ಟು ತಪ್ಪುಗಳನ್ನು ಒಬ್ಬನೇ ಮಾಡುವುದು ಸುಲಭವಲ್ಲ. ಎಣ್ಣೆ ತಡೆಯುವ ಕಾಗದದ ಪಟ್ಟಿ ಕತ್ತರಿಸಲು ಕ್ಯಾಲೆಂಡರು ತೆಗೆದುಕೊಂಡು, ಅಮಾವಾಸ್ಯೆ ಇದ್ದ ಹಾಳೆಯನ್ನೇ ಕತ್ತರಿಸಿದೆ. ಶಾಫ್ಟಿನ ಸೂಜಿಯಂಥ ರೋಲರುಗಳನ್ನು ಒಣಗಲಿಟ್ಟದ್ದು ಅಜ್ಜಿಯ ಸಂಡಿಗೆಯ ಮೊರದಲ್ಲಿ. ಒಂದು ಕಡಿಮೆ ಬಂತು. ಅದು ಅರ್ಧ ಒಣಗಿದ ಸಂಡಿಗೆಯೊಳಗೆ ಕೂತಿತ್ತು. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಬೂದು ನೀರು ಬರುತ್ತಲೇ ಇತ್ತು. ಒಂದರ ಮೈಮೇಲೆ ತುಕ್ಕು ತಿಂದ ಸಣ್ಣ ಕುಳಿಗಳು, ಸಿಡುಬಿನ ಕಲೆಯಂತೆ. ನಮ್ಮ ಹಳೆಯದು ಅದಕ್ಕಿಂತ ಕೆಟ್ಟಿತ್ತು. ಸಿಡುಬಿನದನ್ನೇ ಹಾಕಿದೆ.

ಓಣಿಯ ಗೆಳೆಯರು ನೋಡಲು ಬಂದರು. ನೋಡುವವರಿದ್ದರೆ ನನ್ನ ಕೈ ನಿಲ್ಲುತ್ತದೆ, ಬಾಯಿ ಓಡುತ್ತದೆ. ರಿವರ್ಸಿನ ಚಕ್ರವನ್ನು ಎತ್ತಿ ಹಿಡಿದು ಉಸ್ತಾದನ ದನಿಯಲ್ಲಿ, "ಸವರಿದ ಮಗ್ಗಲು, ಬೇಟಾ! ಹಣೆಗೆ ಹಣೆ!" ಅಂತ ಗಡ್ಡ ಸವರಿಕೊಂಡು ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಅದೇ ನಗುವಿನಲ್ಲಿ ಚಕ್ರವನ್ನು ಒಳಗೆ ಕೂರಿಸಿದೆ. ಸಲೀಸಾಗಿ ಕೂತಿತು. ಸಲೀಸಾಗಿ ಕೂತದ್ದೆಲ್ಲ ಸರಿಯಾಗಿ ಕೂತಂತಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಎರಡೂ ಕಡೆಯಿಂದ ಕೂರುವ ಚಕ್ರ ಅದು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಕಾರು ಎದ್ದಿತು. ಅಪ್ಪ ಊರನ್ನು ಒಂದು ಸುತ್ತು ಹಾಕಿ ಬಂದ. ಒಂದು, ಎರಡು, ಮೂರು, ಟಾಪ್, ಎಲ್ಲ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ. ಟಾಪಿನಲ್ಲಿ ಸ್ವಲ್ಪ ಓಟ ಹಿಡಿದರೆ ಮಾತ್ರ ಕಾಲಡಿಯಿಂದ ಸಣ್ಣಗೆ ಮುಲುಗಿದಂಥ ಸದ್ದು. ಸಿಡುಬಿನ ಬೇರಿಂಗು. ಇಳಿದು ಬಂದ ಅಪ್ಪ ನನ್ನ ಬೆನ್ನು ತಟ್ಟಿದ. ಅವನು ಬೆನ್ನು ತಟ್ಟುವುದು ನನಗೆ ಅಭ್ಯಾಸವಿಲ್ಲದ್ದರಿಂದ ಹೊಡೆಯುತ್ತಾನೆಂದು ಬಾಗಿದೆ.

"ರಿವರ್ಸ್ ಒಂದು ನೋಡಿ ಬಿಡಪ್ಪಾ" ಅಂದೆ. ಅಷ್ಟರಲ್ಲಿ ಅಜ್ಜಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಮುಗಿಸಿದ್ದಳು.

"ಇನ್ನ ಈ ಗಾಡಿ ಹಿಂದಕ್ಕ ಸರ್ಯಾಂಗಿಲ್ಲ" ಅಂದಳು. "ಬಸುರೀನ ತರಾಕ ಪೂಜಿ ಮಾಡಿ ಹೊಂಟ ಬಂಡಿ, ಆಕಿ ತವರಿನ ಹೊಸ್ತಲ ತುಳಿಯೋತನ ಒಂದು ಗೇಣು ಹಿಂದಕ್ಕ ಹೋಗಬಾರ್ದು. ನಮ್ಮ ಕಾಲದಾಗ ಎತ್ತಿನ ಮೂಗುದಾರ ಹಿಂದಕ್ಕ ಎಳೀತಿದ್ದಿಲ್ಲ. ಬಂಡಿ ಹಿಂದಕ್ಕ ಹೋದ್ರ ಕೂಸೂ ಬಂದ ದಾರಿಗೆ ತಿರುಗತೈತಿ."

ಅಪ್ಪ ನನ್ನ ಮುಖ ನೋಡಿದ. ನಾನು ಅಜ್ಜಿಯ ಮುಖ ನೋಡಿದೆ. ಹೋದ ವರ್ಷದ್ದು ಮೂವರಿಗೂ ನೆನಪಿತ್ತು. ನಿಂಬೆಹಣ್ಣು ಚಪ್ಪಟೆಯಾದವು. ಕಾರು ಮುಂದಕ್ಕೆ ಹೋಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಚಿಗಟೇರಿಯ ಬಸ್ಸಿನಿಂದ ಇಳಿದ ಉಸ್ತಾದ ಕಂಡ. ನಮ್ಮನ್ನು ನೋಡಿದವನೇ ಅಂಗೈ ತನ್ನ ಕಡೆಗೆ ಎಳೆದೆಳೆದು ಏನೋ ಕೇಳಿದ, ಹಿಂದಕ್ಕೆ ಹಾಕಿ ನೋಡಿದಿರಾ ಅಂತ. ಕೇಳಿದ್ದು ಅರ್ಥವಾಗಿತ್ತು. ಸಲಾಮು ಹೊಡೆದೆ.

ಹಿಂದಿನ ಸೀಟಿನಲ್ಲಿ ಅಜ್ಜಿ ಕೂತಿದ್ದಳು. ಹಡಗಲಿ ದಾಟಿದ ಮೇಲೆ ಇಳಿಜಾರಿನಲ್ಲಿ ಕಾರು ಓಟ ಹಿಡಿದು ಆ ಮುಲುಗು ಎದ್ದಾಗ ಕಿವಿಗೊಟ್ಟು ಕೇಳಿ, "ಯಾರು ಅಳಾಕತ್ತಾರ ಒಳಗ?" ಅಂದಳು.

"ಬೇರಿಂಗು, ಅಜ್ಜಿ."

"ಹೆಣ್ಣು ದನಿ ಇದ್ದಂಗೈತಿ."

ನಡುವೆ ಒಂದು ಹಳ್ಳ ಬರುತ್ತಿತ್ತು. ಸೇತುವೆಯಿಲ್ಲ. ರಸ್ತೆಯೇ ಹಳ್ಳಕ್ಕಿಳಿದು, ಕಲ್ಲುಹಾಸಿನ ಮೇಲೆ ದಾಟಿ, ಆಚೆ ಏರುತ್ತಿತ್ತು. ಹೋಗುವಾಗ ಪಾದ ಮುಳುಗುವಷ್ಟು ತಿಳಿನೀರು. ಮಾಗಳದಲ್ಲಿ ಕುಬಸ ಮುಗಿಯಿತು. ಅಕ್ಕ ಹಸಿರು ಸೀರೆಯುಟ್ಟು, ಹೂವಿನ ಭಾರಕ್ಕೆ ತಲೆ ಓರೆ ಮಾಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತಳು. ಓಣಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಹಿಂದಕ್ಕೆ ಹಾಕಬಾರದೆಂದು ಅಪ್ಪ ಇಡೀ ಊರು ಬಳಸಿ, ಹೊಳೆದಂಡೆಗೆ ಇಳಿದು ಸುತ್ತಿ ಬಂದ. ಹೊಳೆ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಅದರ ಪಕ್ಕ ಹಾಯುವಾಗ ಗೇರ್‌ಬಾಕ್ಸು ನಿಧಾನದ ಓಟದಲ್ಲೂ ಮುಲುಗಿದಂತಾಯಿತು. ನಾನು ಜೋರಾಗಿ ಹಾಡತೊಡಗಿದೆ. "ಬಾಯಿ ಮುಚ್ಚಲೇ, ಕೂಸು ಹೆದರತೈತಿ" ಅಂದಳು ಅಕ್ಕ.

ಹಿಂತಿರುಗಿ ಹಳ್ಳಕ್ಕೆ ಬಂದಾಗ ನಮ್ಮ ತಲೆಯ ಮೇಲೆ ಬಿಸಿಲು. ಪಡುವಣದ ಗುಡ್ಡಗಳ ಮೇಲೆ ಮಾತ್ರ ಕಾಡಿಗೆ ಬಳಿದಂಥ ಮೋಡವಿತ್ತು. ನೀರು ಕೆಂಪಾಗಿತ್ತು. ಮೊಳಕಾಲಿಗೆ ಬಂದೀತು, ಹೆಚ್ಚಿಲ್ಲ. ಆಚೆ ದಡದಲ್ಲಿ ಕುರಿ ಬಿಟ್ಟುಕೊಂಡು ನಿಂತವನೊಬ್ಬ ಕಂಬಳಿ ಬೀಸಿ ಏನೋ ಕೂಗಿದ. ಅಪ್ಪ ಒಂದು ಕ್ಷಣ ನಿಂತು, ಒಂದನೇ ಗೇರಿಗೆ ಹಾಕಿ ಇಳಿದೇಬಿಟ್ಟ. ನಡುವೆ ತಲುಪುವ ಮುಂಚೆಯೇ ಎಡಗಡೆಯ ಮುಂದಿನ ಚಕ್ರ ದೊಪ್ಪನೆ ಕುಸಿಯಿತು. ಅಲ್ಲೊಂದು ಕಲ್ಲು ಕೊಚ್ಚಿಹೋಗಿತ್ತು. ಮುಂದಕ್ಕೆ ಕೊಟ್ಟರೆ ಚಕ್ರ ಮುಂದಿನ ಕಲ್ಲಿನ ಅಂಚಿಗೆ ಒತ್ತಿ ನಿಲ್ಲುತ್ತಿತ್ತು. ಹೊರಬರಲು ಒಂದೇ ದಾರಿ.

ಅಪ್ಪ ಗೇರಿನ ಕಡ್ಡಿಯನ್ನು ರಿವರ್ಸಿಗೆ ಎಳೆದ. ಕರ್ರ್ ಎಂದಿತು. ಇನ್ನೊಮ್ಮೆ ಎಳೆದ. ಕರ್ರ್. ಹಣೆಗೆ ಹಣೆ. ನನಗೆ ಆ ಕ್ಷಣವೇ ತಿಳಿಯಿತು. ನಗುತ್ತಿದ್ದ ಗೆಳೆಯರು, ನನ್ನ ಕೈಯಲ್ಲಿ ಚಪ್ಪಟೆ ಮಗ್ಗಲು, ಎಲ್ಲ ಕಣ್ಣಿಗೆ ಕಟ್ಟಿತು.

"ಉಲ್ಟಾ ಹಾಕೀನಪ್ಪಾ" ಅಂದೆ.

ಅಪ್ಪ ಮೂರನೇ ಸಲ ಎಳೆದ. ಅದೇ ಸದ್ದು. ಹೀಗೆಯೇ ಒಬ್ಬ ಇದೇ ಡಬ್ಬಿಯಲ್ಲಿ ಹಾಕಿದ್ದ, ಹಾಕಿದ್ದ, ಹಲ್ಲು ಹಾರಿತ್ತು. "ಬ್ಯಾಡಪ್ಪಾ, ಹಲ್ಲು ಮುರೀತಾವ!" ಅಂತ ಕೂಗಿ ಅವನ ಕೈ ಹಿಡಿದೆ.

ನೀರಿನ ಮೇಲೆ ನೊರೆ ಬರತೊಡಗಿತು. ನೊರೆಯ ಜೊತೆ ಹುಲ್ಲು, ಕಡ್ಡಿ, ಒಂದು ಮುರಿದ ಬುಟ್ಟಿ. ಬಾಗಿಲ ಸಂದಿಯಿಂದ ನೀರು ಒಳಗೆ ಇಣುಕಿತು.

"ಹಿಂದಕ್ಕ ಬ್ಯಾಡ" ಅಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡು. "ಹಿಂದಕ್ಕ ಬ್ಯಾಡ, ನನ್ನಪ್ಪಾ."

ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. "ಅಜ್ಜಿ, ಹಿಂದಕ್ಕ ಹೋದ್ರ ಕೂಸು ಹೋಗತೈತಿ ಅಂತಿ. ಇಲ್ಲೇ ನಿಂತ್ರ ಕೂಸಿನ ಜೋಡಿ ನಾವೂ ಹೋಗ್ತೀವಿ. ಲೇ ತಮ್ಮಾ, ಹಾಕಿದವ ನೀನು. ಏನ್ ಮಾಡ್ತೀಯೋ ಮಾಡು."

ತಿರುಗುವ ಹಲ್ಲು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ನಿಂತ ಹಲ್ಲಿನ ಎದುರು ಸಂದು ಬಂದರೆ ಚಪ್ಪಟೆಯದೂ ಒಳಗೆ ಹೋಗಬಹುದು. ಅದು ಉಸ್ತಾದ ಹೇಳಿದ್ದಲ್ಲ, ಹೆದರಿಕೆ ಹೇಳಿದ್ದು. "ಎಂಜಿನ್ ಬಂದ್ ಮಾಡಪ್ಪಾ! ಕ್ಲಚ್ ತುಳದ ಇರು. ಕಡ್ಡಿ ಮೆತ್ತಗ ರಿವರ್ಸಿನ ಕಡಿ ಒತ್ತಿಡು. ನಾ ಗಾಡಿ ಅಲಗಾಡಸ್ತೀನಿ" ಅಂತ ನೀರಿಗೆ ಹಾರಿದೆ. ಹಾರುವಾಗ ಚಪ್ಪಲಿ ಬಾಗಿಲಿಗೆ ಸಿಕ್ಕಿ ಮೊದಲು ಮುಖವೇ ನೀರಿಗೆ ಬಿತ್ತು. ಎದ್ದು, ಮುಂದಿನ ಬಂಪರಿಗೆ ಬೆನ್ನು ಕೊಟ್ಟು, ಕಲ್ಲಿಗೆ ಕಾಲೊತ್ತಿ ಎತ್ತಿದೆ. ಕಾರು ಕೂದಲಷ್ಟು ಸರಿದು ಮತ್ತೆ ಕೂತಿತು. ಇನ್ನೊಮ್ಮೆ. ನೀರು ತೊಡೆಗೆ ಬಂದಿತ್ತು. ಮೂರನೆಯ ಸಲ ನನ್ನ ಸೊಂಟದೊಳಗೆ ಏನೋ ಕಳಕ್ ಎಂದಿತು. ಅದೇ ಹೊತ್ತಿಗೆ ಕಾರಿನೊಳಗೂ ಕಳಕ್ ಎಂದಿತು.

"ಬಿತ್ತು!" ಅಂದ ಅಪ್ಪ.

ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಕಾರು ಅಜ್ಜಿಯ ಕೂಗನ್ನೂ ಎಳೆದುಕೊಂಡು ಹಿಂದಕ್ಕೆ ಹಿಂದಕ್ಕೆ ಹತ್ತಿತು. ಬಂಪರಿಗೆ ಜೋತುಬಿದ್ದ ನಾನು ಕೊಚ್ಚಿಹೋಗದ ಬಾಳೆದಿಂಡಿನಂತೆ ಬಂದೆ. ದಡಕ್ಕೆ ಬಿದ್ದು ತಿರುಗಿ ನೋಡಿದರೆ, ನಾವು ನಿಂತಿದ್ದ ಜಾಗದಲ್ಲಿ ಬೇರುಸಹಿತ ಒಂದು ಜಾಲಿಮರ ಉರುಳಿಕೊಂಡು ಹೋಗುತ್ತಿತ್ತು.

ಸಂಜೆ ನೀರು ಇಳಿದ ಮೇಲೆ ಕುರಿಯವನು ಈಚೆಗೆ ದಾಟಿ ಬಂದು, ಮುಂದೆ ನಡೆದು ಕೋಲಿನಿಂದ ಕಲ್ಲು ತಟ್ಟಿ ತೋರಿಸಿದ. ನಾವು ಮನೆ ಮುಟ್ಟಿದೆವು. ಅವ್ವ ಆರತಿ ಎತ್ತಿದಳು. ಅಕ್ಕ ಹೊಸ್ತಿಲು ತುಳಿದಳು. ಅಜ್ಜಿ ಮಾತ್ರ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕೂಸು ಅಲುಗಾಡಿತಾ ಅಂತ ಅಜ್ಜಿ ಕೇಳುತ್ತಿರಲಿಲ್ಲ. ಅಕ್ಕನ ಹೊಟ್ಟೆಯನ್ನು ನೋಡಿ ಕಣ್ಣು ತಿರುಗಿಸುತ್ತಿದ್ದಳು. ಉಸ್ತಾದ ಡಬ್ಬಿ ಬಿಚ್ಚಿಸಿ ಚಕ್ರವನ್ನು ಸರಿಯಾಗಿ ಹಾಕಿಸಿದ. ಬೈಯುತ್ತಾನೆಂದು ನಾನು ಬಗ್ಗಿದ ಸೊಂಟದಲ್ಲೇ ಕಾದೆ. ಅವನು ತಳದ ಎಣ್ಣೆಯಲ್ಲಿ ಮತ್ತೆ ಚೂರು ಬೂದು ಕೆಸರು ಕಂಡು, ಒರೆಸಿ, ಮುಚ್ಚಿದ. ನನ್ನ ಸೊಂಟ ನೆಟ್ಟಗಾಗಲೇ ಇಲ್ಲ. ಓಣಿಯಲ್ಲಿ ಪ್ರಶ್ನೆ ಚಿಹ್ನೆಯಂತೆ ಓಡಾಡಿದೆ. ನಗಿಸಲು ಅದೊಂದೇ ಸಾಕಿತ್ತು, ಯಾರೂ ನಗಲಿಲ್ಲ.

ಬೇನೆ ಎದ್ದ ದಿನ ಆಸ್ಪತ್ರೆಗೆ ಅದೇ ಕಾರಿನಲ್ಲಿ ಹೋದೆವು. ಹೊರಗೆ ಬಂದ ನರ್ಸು, "ಕಾಲು ಮುಂದ ಬರಾಕತ್ತೈತಿ, ತಲಿ ಹಿಂದೈತಿ" ಅಂದಳು. ಅಜ್ಜಿ ನನ್ನ ಕಡೆ ತಿರುಗಿದಳು. ಏನೂ ಅನ್ನಲಿಲ್ಲ. ಅಪ್ಪನ ಮೌನ ಯಾರಿಂದ ಬಂದದ್ದೆಂದು ಆಗ ಗೊತ್ತಾಯಿತು. ಒಳಗಿನಿಂದ ಅಕ್ಕನ ದನಿ ಮುಲುಗುತ್ತಿತ್ತು, ಥೇಟು ಆ ಬೇರಿಂಗಿನಂತೆ. ಆಮೇಲೆ ಅದೂ ನಿಂತಿತು. ಕೊನೆಗೆ ಒಂದು ಪೆಟ್ಟಿನ ಸದ್ದು, ಇನ್ನೊಂದು ಪೆಟ್ಟಿನ ಸದ್ದು, ಆಮೇಲೆ ಬೆಕ್ಕಿನ ಮರಿಯಂಥ ಅಳು.

ಹೆಣ್ಣು ಕೂಸು. ಅಕ್ಕ ಬದುಕಿದ್ದಳು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕಿದ ಸೊಂಟ ನೆಟ್ಟಗಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಕೂಸು ನಡೆಯಲು ಕಲಿತದ್ದೇ ತಡ, ಅಜ್ಜಿಯೇ ನನ್ನನ್ನು ಅಂಗಳದಲ್ಲಿ ಬೋರಲು ಮಲಗಿಸಿದಳು. "ಒದಿ ನನ್ನವ್ವ, ನಿಮ್ಮ ಮಾವಗ ಜೋರಾಗಿ ಒದಿ, ಬಿಡಬ್ಯಾಡ" ಅಂದಳು. ಅಜ್ಜಿಯ ಎರಡು ತಿಂಗಳ ಸಿಟ್ಟು ಆ ಪುಟ್ಟ ಕಾಲಿನಲ್ಲಿ ಬಂತು. ಈಗ ಸರದಿಯಲ್ಲಿ ಉಸ್ತಾದನೂ ಬಂದು ಮಲಗುತ್ತಾನೆ.

ಕಾರು ಈಗಲೂ ಓಡುತ್ತಿದೆ, ಈಗಲೂ ಮುಲುಗುತ್ತದೆ. ಬೇರೆ ಬೇರಿಂಗು ಸಿಕ್ಕಿಲ್ಲ. ಮೊನ್ನೆ ಮಾಗಳಕ್ಕೆ ಹೋಗುವಾಗ ಅಕ್ಕನ ಮಗಳು ಕಾಲಡಿಯ ತಗಡಿಗೆ ಕಿವಿ ಹಚ್ಚಿ, "ಮಾವಾ, ಒಳಗ ಯಾರೋ ಅದಾರ" ಅಂದಳು. ನನ್ನಲ್ಲಿ ಎಲ್ಲದಕ್ಕೂ ಒಂದು ಜೋಕು ಇರುತ್ತದೆ. ಈ ಸಲ ನಾನೂ ಬಗ್ಗಿ ತಗಡಿಗೆ ಕಿವಿ ಹಚ್ಚಿದೆ.

ಅಷ್ಟರಲ್ಲಿ ಹಳ್ಳ ಬಂತು. ಪಾದ ಮುಳುಗುವಷ್ಟೂ ನೀರಿರಲಿಲ್ಲ. ಅಪ್ಪ ನೇರ ಇಳಿಯಲು ಹೋದ. ಹಿಂದಿನ ಸೀಟಿನಿಂದ ಅಜ್ಜಿ ಅವನ ಭುಜ ಹಿಡಿದು ನಿಲ್ಲಿಸಿದಳು.

"ಮೊದಲ ಒಂದ್ಸಲ ಹಿಂದಕ್ಕ ಹಾಕು" ಅಂದಳು. "ಬರ್ತೈತೋ ಇಲ್ಲೋ ನೋಡು. ಆಮ್ಯಾಲೆ ಇಳೀ."

ಅಪ್ಪ ಹಾಕಿದ. ಕಾರು ಒಂದು ಮಾರು ಹಿಂದಕ್ಕೆ ಬಂತು. ಅಜ್ಜಿ ಭುಜ ಬಿಟ್ಟಳು.